ಹಣೆಯ ಮೇಲಿನ ಕಲೆ

ಕಪ್ಪು-ಬಿಳುಪು ಫೋಟೋವನ್ನೂ ಬಣ್ಣದಲ್ಲೇ ಸ್ಕ್ಯಾನ್ ಮಾಡಬೇಕು. ಹಳೆಯ ಫೋಟೋ ಸರಿಮಾಡಿಕೊಡಿ ಎಂದು ಬರುವವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಹೆಚ್ಚಿನವರು ಒಪ್ಪುವುದಿಲ್ಲ. ಬಣ್ಣವೇ ಇಲ್ಲದ ಫೋಟೋಕ್ಕೆ ಬಣ್ಣದ ಸ್ಕ್ಯಾನ್ ಯಾಕೆ, ಫೈಲು ಸುಮ್ಮನೆ ಮೂರು ಪಟ್ಟು ದೊಡ್ಡದಾಗುತ್ತದಲ್ಲ ಎನ್ನುತ್ತಾರೆ. ಫೋಟೋಕ್ಕೆ ಬಣ್ಣವಿಲ್ಲ, ನಿಜ. ಆದರೆ ಅದಕ್ಕೆ ಹತ್ತಿದ ಕಲೆಗಳಿಗೆ ಬಣ್ಣವಿದೆ. ಕಾಗದದ ಹಳದಿ, ಬೂಷ್ಟಿನ ಕಂದು, ಚಹಾ ಲೋಟದ ಗುರುತು, ಪೆನ್ನಿನ ನೀಲಿ, ಅರಿಸಿನ, ಕುಂಕುಮ. ಫೋಟೋ ಯಾವುದು, ಅದರ ಮೇಲೆ ಆಮೇಲೆ ಬಂದು ಕೂತದ್ದು ಯಾವುದು ಎಂದು ಬಿಡಿಸಿ ನೋಡುವುದಕ್ಕೆ ಆ ಬಣ್ಣವೇ ದಾರಿ. ಗ್ರೇಸ್ಕೇಲಿನಲ್ಲಿ ಸ್ಕ್ಯಾನ್ ಮಾಡಿದರೆ ಕುಂಕುಮವೂ ಬೂದು, ಹಣೆಯೂ ಬೂದು. ಆಮೇಲೆ ಎರಡನ್ನೂ ಬೇರೆ ಮಾಡುವುದು ಬಲು ಕಷ್ಟ.

ಈ ಮಾತು ನನಗೆ ಎಷ್ಟು ಮುಖ್ಯ ಎಂದು ಹೇಳಬೇಕಾದರೆ ಒಂದೇ ಒಂದು ಫೋಟೋದ ಕಥೆ ಹೇಳಬೇಕು.

ನಾನು ದೆಹಲಿಯ ಓಖ್ಲಾದಲ್ಲಿ ಒಂದು ಆಫ್‌ಸೆಟ್ ಮುದ್ರಣಾಲಯದ ಪ್ರೀಪ್ರೆಸ್ ವಿಭಾಗದಲ್ಲಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಚಿತ್ರಗಳನ್ನು ಹದ ಮಾಡುವುದು ನನ್ನ ಹೊಟ್ಟೆಪಾಡು. ಅದೇ ವಿದ್ಯೆಯನ್ನು ಸಂಜೆ ಹೊತ್ತು ನೊಯ್ಡಾದ ಮನೆಯಲ್ಲಿ ಕೂತು ಪರಿಚಯದವರ ಹಳೆಯ ಫೋಟೋಗಳ ಮೇಲೆ ಪ್ರಯೋಗಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ಕನ್ನಡದವರೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕೇಂದ್ರ ಸರ್ಕಾರದ ನೌಕರಿ ಹಿಡಿದು ಧಾರವಾಡ, ಮೈಸೂರು, ಮಂಗಳೂರುಗಳಿಂದ ಬಂದು ಕರೋಲ್ ಬಾಗ್‌ನ ಬಾಡಿಗೆ ಕೋಣೆಗಳಲ್ಲೋ ಲೋಧಿ ಕಾಲೊನಿಯ ಕ್ವಾರ್ಟರ್ಸುಗಳಲ್ಲೋ ಇದ್ದವರ ಮಕ್ಕಳು, ಮೊಮ್ಮಕ್ಕಳು. ಈಗ ಮಯೂರ್ ವಿಹಾರ್, ದ್ವಾರಕಾ, ಗುರುಗ್ರಾಮ, ಗಾಜಿಯಾಬಾದ್ ಎಂದು ಹಂಚಿಹೋಗಿದ್ದಾರೆ. ರಾವ್ ತುಲಾ ರಾಮ್ ಮಾರ್ಗದ ಕರ್ನಾಟಕ ಸಂಘದಲ್ಲಿ ನಾಟಕಕ್ಕೋ ಊಟಕ್ಕೋ ಸೇರಿದಾಗ, ಯಾರಾದರೊಬ್ಬರು ಕೈಚೀಲದಿಂದ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಟ್ಟೊಂದನ್ನು ಹೊರತೆಗೆದು "ಸ್ವಲ್ಪ ನೋಡಿ ಹೇಳ್ತೀರಾ" ಎನ್ನುವುದುಂಟು.

ಆ ಫೋಟೋ ಬಂದದ್ದೂ ಹಾಗೆಯೇ, ಮಯೂರ್ ವಿಹಾರದ ಒಬ್ಬ ಅಜ್ಜಿಯ ಮೊಮ್ಮಗನ ಕೈಯಲ್ಲಿ. ಕ್ಯಾಬಿನೆಟ್ ಸೈಜಿನದು, ಅಂದರೆ ಸುಮಾರು ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಎತ್ತರ. ದಪ್ಪ ರಟ್ಟಿಗೆ ಅಂಟಿಸಿದ್ದು. ಕೆಳಗೆ ಕನಾಟ್ ಪ್ಲೇಸಿನ ಒಂದು ಸ್ಟುಡಿಯೋದ ಉಬ್ಬು ಮುದ್ರೆ. ಕರಿ ಕೋಟು, ಒಪ್ಪವಾಗಿ ಬಾಚಿದ ಕೂದಲು, ಮೂವತ್ತರ ಆಸುಪಾಸಿನ ಒಬ್ಬರು ನೇರ ಕ್ಯಾಮೆರಾ ನೋಡುತ್ತಿದ್ದಾರೆ. ಅಜ್ಜಿಯ ತಂದೆ. 1952ರಲ್ಲಿ ತೆಗೆಸಿದ್ದು. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಆಗ ಅಜ್ಜಿಗೆ ಆರು ವರ್ಷ, ಅವರ ತಮ್ಮ ಕೈಗೂಸು. ತಾಯಿ ಮಕ್ಕಳಿಬ್ಬರನ್ನು ಕರೆದುಕೊಂಡು ಧಾರವಾಡಕ್ಕೆ ಹಿಂತಿರುಗಿದರು. ಆ ಮನುಷ್ಯನದು ಇದೊಂದೇ ಫೋಟೋ. ಅವರನ್ನು ಕಣ್ಣಾರೆ ಕಂಡು ನೆನಪಿಟ್ಟವರಲ್ಲಿ ಈಗ ಉಳಿದಿರುವುದು ಈ ಅಜ್ಜಿಯೊಬ್ಬರೇ. ಮನೆಯವರೆಲ್ಲ ಸೇರುವ ಮುಂದಿನ ತಿಥಿಯ ಹೊತ್ತಿಗೆ 12×18 ಇಂಚಿನ ಪ್ರಿಂಟು ಗೋಡೆಯ ಮೇಲಿರಬೇಕು ಎಂಬುದು ಮೊಮ್ಮಗನ ಆಸೆ.

ಫೋಟೋದ ಸ್ಥಿತಿ ಹೇಳುತ್ತೇನೆ. ಕತ್ತಿನ ಹತ್ತಿರ ರಟ್ಟು ಮುರಿದು, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಿರುಕು. ಕೆನ್ನೆಯ ಮೇಲೆ ಬೂಷ್ಟಿನ ಚುಕ್ಕೆಗಳು. ಎಡಗಿವಿಯ ಜಾಗದಲ್ಲಿ ಪದರ ಎದ್ದುಹೋಗಿ ಬರೀ ಕಾಗದ. ಕೋಟಿನ ಕೆಳಮೂಲೆ ಕಟ್ಟಿನ ಗಾಜಿಗೆ ಕಚ್ಚಿಕೊಂಡಿತ್ತು. ಹಣೆಯ ನಟ್ಟನಡುವೆ, ಕಡಲೆಬೇಳೆಯ ಗಾತ್ರದ, ಕಂದು-ಕೆಂಪಿನ ಒಂದು ಕಲೆ.

ದೆಹಲಿಯಲ್ಲಿ ಫೋಟೋಗಳು ಹಾಳಾಗುವುದಕ್ಕೆ ಒಂದು ವಿಶೇಷ ಕಾರಣವಿದೆ: ಕೂಲರ್. ಏಸಿ ಎಲ್ಲರ ಮನೆಗೆ ಬರುವ ಮೊದಲು, ಮೇ-ಜೂನಿನ 45 ಡಿಗ್ರಿಯ ಒಣ ಬಿಸಿಲಿಗೆ ಇಡೀ ಊರಿನ ಉತ್ತರ ಅದೊಂದೇ ಆಗಿತ್ತು. ಕಿಟಕಿಗೆ ಕೂರಿಸಿದ ತಗಡಿನ ಪೆಟ್ಟಿಗೆ, ಒದ್ದೆ ಹುಲ್ಲಿನ ಪದರದ ಮೂಲಕ ಗಾಳಿ ಎಳೆದು ಕೋಣೆಗೆ ತಳ್ಳುವ ಫ್ಯಾನು. ಗಾಳಿ ತಂಪಾಗುತ್ತದೆ, ಜೊತೆಗೆ ತೇವವೂ ಆಗುತ್ತದೆ. ಕೂಲರಿನ ಎದುರಿನ ಗೋಡೆ ಸಾಮಾನ್ಯವಾಗಿ ಕೋಣೆಯ ದೊಡ್ಡ ಗೋಡೆ. ಹಿರಿಯರ ಫೋಟೋ ಹಾಕುವುದೂ ಅದೇ ಗೋಡೆಗೆ. ಆ ಕಾಲದ ಫೋಟೋಗಳಲ್ಲಿ ಚಿತ್ರ ಮೂಡಿಸುವ ಬೆಳ್ಳಿಯ ಕಣಗಳು ಜೆಲಟಿನ್ ಪದರದಲ್ಲಿ ಕೂತಿರುತ್ತವೆ. ಜೆಲಟಿನ್ ಎಂದರೆ ಪ್ರಾಣಿಗಳ ಎಲುಬು-ಚರ್ಮದಿಂದ ತೆಗೆದ ಅಂಟು. ತೇವ ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಮೈಗೆ ತಾಗಿದ ಗಾಜಿಗೆ ಅಂಟಿಕೊಳ್ಳುತ್ತದೆ, ಒಣಗಿದಾಗ ಬಿಗಿಯಾಗುತ್ತದೆ. ಹತ್ತು ಬೇಸಿಗೆ ಹೀಗೆ ಕಳೆದರೆ ಫೋಟೋವೂ ಗಾಜೂ ಒಂದೇ. ಬೂಷ್ಟಿಗೂ ಬೆಳ್ಳಿಹುಳಕ್ಕೂ ಆ ಜೆಲಟಿನ್ನೇ ಊಟ.

ಈ ಫೋಟೋದ ಚರಿತ್ರೆ ಅಜ್ಜಿಯ ಬಾಯಿಂದಲೇ ತಿಳಿಯಿತು. ಮೊದಲ ಮೂವತ್ತು ವರ್ಷ ಅದಕ್ಕೆ ಕಟ್ಟೇ ಇರಲಿಲ್ಲ. ಧಾರವಾಡದ ಮನೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿತ್ತು. ಬೂಷ್ಟು ಅಲ್ಲಿಯ ಮಳೆಗಾಲದ್ದು. ತಾಯಿ ತೀರಿದ ಮೇಲೆ, 1984ರಲ್ಲಿ, ಅದು ಸರೋಜಿನಿ ನಗರದ ಕ್ವಾರ್ಟರ್ಸಿಗೆ ಬಂತು. ಕಟ್ಟು ಹಾಕಿಸಿ ಕೂಲರಿನ ಎದುರು ತೂಗುಹಾಕಿದರು. ಹದಿನೈದು ವರ್ಷದ ಮೇಲೆ ಕಟ್ಟು ಬದಲಿಸುವಾಗ ಅಂಗಡಿಯವನು ಗಾಜಿನಿಂದ ಫೋಟೋವನ್ನು ಎಳೆದು ಬಿಡಿಸಿದ. ಕಿವಿಯಿದ್ದ ಚೂರು ಹಳೆಯ ಗಾಜಿನ ಜೊತೆ ಕಸಕ್ಕೆ ಹೋಯಿತು.

ನಿಮ್ಮ ಮನೆಯಲ್ಲಿ ಹೀಗೆ ಗಾಜಿಗೆ ಅಂಟಿದ ಫೋಟೋ ಇದ್ದರೆ ದಯವಿಟ್ಟು ಎಳೆಯಬೇಡಿ. ಬ್ಲೇಡು ಹಾಕಬೇಡಿ, ನೀರಿನಲ್ಲಿ ನೆನೆಸಬೇಡಿ. ಗಾಜಿನ ಸಮೇತವೇ ಪ್ರತಿ ತೆಗೆಯಬಹುದು. ಮನೆಯ ಪ್ರಿಂಟರಿನ ಜೊತೆ ಬರುವ ತೆಳ್ಳನೆಯ ಸ್ಕ್ಯಾನರುಗಳಿಗೆ ಗಾಜಿನಾಚೆ ಎರಡು ಮಿಲಿಮೀಟರ್ ದೂರದಲ್ಲಿರುವುದೂ ಮಸುಕಾಗಿಯೇ ಕಾಣುತ್ತದೆ. ಹಾಗಾಗಿ ಕ್ಯಾಮೆರಾ ಒಳ್ಳೆಯದು. ಎರಡೂ ಪಕ್ಕದಿಂದ ಓರೆಯಾಗಿ ದೀಪ ಬಿಟ್ಟು, ದೀಪಗಳ ಮುಂದೆ ಒಂದು ಪೋಲರೈಸಿಂಗ್ ಹಾಳೆ, ಲೆನ್ಸಿನ ಮುಂದೆ ಅದಕ್ಕೆ ಅಡ್ಡವಾಗಿ ತಿರುಗಿಸಿದ ಇನ್ನೊಂದು ಪೋಲರೈಸರ್ ಇಟ್ಟರೆ ಗಾಜಿನ ಹೊಳಪು ಪೂರ್ತಿ ಇಳಿಯುತ್ತದೆ. ಹಳೆಯ ಫೋಟೋಗಳ ಕಪ್ಪು ಭಾಗದಲ್ಲಿ, ಅಂಚಿನ ಕಡೆಗೆ, ಕನ್ನಡಿಯಂತೆ ನೀಲಿಯಾಗಿ ಮಿನುಗುವ ಪೊರೆಯೊಂದು ಕಾಣುತ್ತದಲ್ಲ — ಬೆಳ್ಳಿ ಮೇಲಕ್ಕೆ ಬಂದು ಕೂತದ್ದು — ಅದೂ ತಗ್ಗುತ್ತದೆ. ನನ್ನ ಫಿಲ್ಟರುಗಳನ್ನು ಚಾಂದನಿ ಚೌಕದ ಕೂಚಾ ಚೌಧರಿ ಗಲ್ಲಿಯ ಕ್ಯಾಮೆರಾ ಅಂಗಡಿಗಳಲ್ಲಿ ಹುಡುಕಿ ತಂದದ್ದು.

ನನ್ನ ಹತ್ತಿರ ಬರುವ ಮೊದಲು ಮೊಮ್ಮಗ ಫೋನಿನ ಒಂದು ಆ್ಯಪಿನಲ್ಲಿ ಪ್ರಯತ್ನ ಮಾಡಿದ್ದ. ಹುಡುಗ ಗುರುಗ್ರಾಮದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಅಜ್ಜಿಯ ಮೇಲೆ ಜೀವ. ಅರ್ಧ ನಿಮಿಷದಲ್ಲಿ ಬಂದ ಚಿತ್ರವನ್ನು ನನಗೂ ತೋರಿಸಿದ. ಬಿರುಕಿಲ್ಲ, ಬೂಷ್ಟಿಲ್ಲ, ಎರಡೂ ಕಿವಿ ಇವೆ. ಕಣ್ಣಿನಲ್ಲಿ ಹೊಳಪು, ಹುಬ್ಬಿನ ಒಂದೊಂದು ಕೂದಲೂ ಸ್ಪಷ್ಟ. ಹಣೆ ನುಣುಪಾಗಿ, ನಿನ್ನೆ ತೆಗೆದ ಹಾಗೆ ಇದೆ. ಅವನು ಅದನ್ನು ಅಜ್ಜಿಗೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಭಾಳ ಛಂದ ಮಾಡೀ. ಆದ್ರ ಇವ್ರು ನಮ್ಮ ಅಣ್ಣಾ ಅಲ್ಲ" ಅಂದರಂತೆ. ಧಾರವಾಡದ ಕಡೆ ಎಷ್ಟೋ ಮನೆಗಳಲ್ಲಿ ತಂದೆಯನ್ನು ಅಣ್ಣಾ ಎಂದೇ ಕರೆಯುವುದು.

ಅಜ್ಜಿ ಹೇಳಿದ್ದು ಸರಿ. ಯಾಕೆ ಸರಿ ಎಂಬುದಕ್ಕೆ ಈ ಯಂತ್ರಗಳ ಒಳಗುಟ್ಟು ಸ್ವಲ್ಪ ತಿಳಿಯಬೇಕು.

ಮುಖ ಸರಿಮಾಡುವ ಇಂಥ ತಂತ್ರಾಂಶಗಳಲ್ಲಿ ಹೆಸರುವಾಸಿಯಾದದ್ದು 2021ರಲ್ಲಿ ಬಂದ ಜಿಎಫ್‌ಪಿ-ಗ್ಯಾನ್. ಅದನ್ನು ಪಳಗಿಸಿದ್ದು ಎಫ್ಎಫ್ಎಚ್‌ಕ್ಯೂ ಎಂಬ ಚಿತ್ರಸಂಗ್ರಹದ ಮೇಲೆ. ಎನ್ವಿಡಿಯಾ ಕಂಪನಿಯ ಸಂಶೋಧಕರು ಫ್ಲಿಕರ್ ತಾಣದಿಂದ ಆಯ್ದು ಜೋಡಿಸಿದ 70,000 ಮುಖಗಳು ಅದರಲ್ಲಿವೆ. ಅಷ್ಟು ಮುಖಗಳನ್ನು ನೋಡಿ ನೋಡಿ ಯಂತ್ರವು ಕಣ್ಣು ಹೇಗಿರುತ್ತದೆ, ಮೂಗು ಹೇಗಿರುತ್ತದೆ ಎಂಬ ಒಂದು ಅಂದಾಜನ್ನು ಕಟ್ಟಿಕೊಂಡಿರುತ್ತದೆ. ನೀವು ಹಾಳಾದ ಮುಖವನ್ನು ಕೊಟ್ಟಾಗ ಅದು ಆ ಅಂದಾಜಿನಿಂದ, ನಿಮ್ಮ ಮಸುಕು ಚಿತ್ರಕ್ಕೆ ಹೊಂದುವಂಥ ಒಂದು ಮುಖವನ್ನು ಬರೆದುಕೊಡುತ್ತದೆ. ನೋಡಿ ನಕಲು ಮಾಡುವುದು ಸ್ವಲ್ಪ, ಊಹಿಸಿ ಬರೆಯುವುದು ಬಹಳ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ಸಾಧನವೊಂದನ್ನು ಹೊರತಂದಿದ್ದರು. ಬರಾಕ್ ಒಬಾಮಾ ಅವರ ಮುಖವನ್ನು ದಪ್ಪ ದಪ್ಪ ಚೌಕಗಳಾಗಿ ಮಸುಕುಮಾಡಿ ಯಾರೋ ಅದಕ್ಕೆ ಕೊಟ್ಟರು. ಅದು ಒಬ್ಬ ಬಿಳಿಯ ಮನುಷ್ಯನ ಸ್ಪಷ್ಟವಾದ ಮುಖವನ್ನು ಕೊಟ್ಟಿತು. ಜಗತ್ತೆಲ್ಲ ಆ ಚಿತ್ರ ಓಡಾಡಿತು. ಒಬಾಮಾ ಮುಖ ಎಲ್ಲರಿಗೂ ಗೊತ್ತಿದ್ದರಿಂದ ಎಡವಟ್ಟು ಎಲ್ಲರ ಕಣ್ಣಿಗೆ ಬಿತ್ತು. 1954ರಲ್ಲಿ ತೀರಿಹೋದ ಒಬ್ಬ ಗುಮಾಸ್ತರ ಮುಖ ಎಷ್ಟು ಜನಕ್ಕೆ ಗೊತ್ತು? ಒಬ್ಬರಿಗೆ.

ಆ ಒಬ್ಬರ ನೆನಪಾದರೂ ಎಂಥದ್ದು? ಅಜ್ಜಿಯೊಡನೆ ಮೂರು ನಾಲ್ಕು ಸಲ ಕೂತು ಮಾತಾಡಿದ ಮೇಲೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ಆರನೆಯ ವಯಸ್ಸಿಗೆ ಕಳೆದುಕೊಂಡ ತಂದೆಯ ಮುಖ ಅವರಿಗೆ ನೆನಪಿರುವುದು ಈ ಫೋಟೋದಿಂದಲೇ. ಎಪ್ಪತ್ತು ವರ್ಷ ಇದನ್ನೇ ನೋಡಿದ್ದಾರೆ. ಮನಸ್ಸಿನೊಳಗಿನ ಅಣ್ಣಾನಿಗೂ ಇದೇ ಕೋಟು, ಇದೇ ನೋಟ. ಅವರೇ ಹೇಳಿದರು: "ಅಣ್ಣಾ ನಗೂದು ನನಗ ನೆನಪಿಲ್ಲೋ ತಮ್ಮಾ. ಫೋಟೋದಾಗ ನಕ್ಕಿಲ್ಲಲ್ಲ, ಅದಕ್ಕs ಇರಬೇಕು."

ಈ ಮಾತು ಕೇಳಿದ ಮೇಲೆ ಕೈ ಹಗುರಾಗಿ ಓಡಲಿಲ್ಲ. ಈ ಕಾಗದವನ್ನು ತಿದ್ದುವುದೆಂದರೆ ಅವರ ನೆನಪನ್ನೇ ತಿದ್ದುವ ಹಾಗೆ. ಗೋಡೆಯ ಮೇಲೆ ಯಂತ್ರದ ಮುಖ ಬಂದು ಕೂತರೆ, ಇನ್ನು ಐದು ವರ್ಷದಲ್ಲಿ ಅವರಿಗೂ ಅದೇ ಒಗ್ಗಿಹೋಗಬಹುದು. ಅವರ ನಂತರದವರಿಗಂತೂ ಅದೇ ಮುತ್ತಜ್ಜ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಹಳೆಯ ಸ್ಟುಡಿಯೋಗಳೇನೂ ಮುಖವನ್ನು ಇದ್ದ ಹಾಗೇ ಕೊಡುತ್ತಿರಲಿಲ್ಲ. ಶ್ರೀನಗರದಲ್ಲಿ ಶುರುವಾಗಿ ದೇಶವಿಭಜನೆಯ ಹೊತ್ತಿಗೆ ಕನಾಟ್ ಪ್ಲೇಸಿಗೆ ಬಂದ ಮಹಟ್ಟಾ ಇರಲಿ, ನಮ್ಮ ಬೆಂಗಳೂರಿನ ಜಿ.ಕೆ. ವೇಲ್ ಇರಲಿ, ಆ ಕಾಲದ ದೊಡ್ಡ ಸ್ಟುಡಿಯೋಗಳಲ್ಲಿ ತಿದ್ದುಗಾರಿಕೆ ಒಂದು ಪ್ರತ್ಯೇಕ ಕಸುಬು. ನೆಗೆಟಿವನ್ನು ಓರೆ ಮೇಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಕಣ್ಣ ಕೆಳಗಿನ ಕಪ್ಪು, ಸಿಡುಬಿನ ಕಲೆ, ಹಣೆಯ ಗೆರೆಗಳನ್ನು ಮುಚ್ಚುತ್ತಿದ್ದರು. ಬೇಡದ್ದನ್ನು ಸಣ್ಣ ಚಾಕುವಿನಿಂದ ಕೆರೆಯುತ್ತಿದ್ದರು. ಆಮೇಲೆ ಬೇಕಾದವರಿಗೆ ಕೆನ್ನೆಗೆ, ತುಟಿಗೆ, ಸೀರೆಯ ಅಂಚಿಗೆ ಕೈಯಿಂದ ಬಣ್ಣ. ಈ ಫೋಟೋದಲ್ಲೂ ಕಣ್ಣ ಕೆಳಗೆ ಪೆನ್ಸಿಲಿನ ಸಣ್ಣ ಸಣ್ಣ ಗೀರುಗಳು ದೊಡ್ಡದು ಮಾಡಿದಾಗ ಕಂಡವು. ಹಾಗಾದರೆ ಆಗಿನ ಪೆನ್ಸಿಲಿಗೂ ಈಗಿನ ಆ್ಯಪಿಗೂ ಏನು ವ್ಯತ್ಯಾಸ?

ನನಗೆ ಕಾಣುವ ವ್ಯತ್ಯಾಸ ಇಷ್ಟೇ. ಆಗ ಫೋಟೋ ತೆಗೆಸಿಕೊಂಡವರೇ ವಾರದ ಮೇಲೆ ಬಂದು ಪ್ರಿಂಟು ಕೈಗೆ ತೆಗೆದುಕೊಳ್ಳುತ್ತಿದ್ದರು. ಹಿಡಿಸದಿದ್ದರೆ "ಇದು ನಾನಲ್ಲ" ಎಂದು ಕೌಂಟರಿನಲ್ಲೇ ಇಟ್ಟು ಹೋಗಬಹುದಿತ್ತು. ತಿದ್ದಿದ ಮುಖಕ್ಕೆ ಆ ಮುಖದವರ ಒಪ್ಪಿಗೆ ಇರುತ್ತಿತ್ತು. ಈಗ ಒಪ್ಪುವುದಕ್ಕೋ ಬೇಡ ಎನ್ನುವುದಕ್ಕೋ ಅವರಿಲ್ಲ. ಅವರ ಪರವಾಗಿ ಹೇಳಬಲ್ಲ ಮಗಳಿದ್ದಾರೆ, 77 ವರ್ಷ. ಅವರ ನಂತರ ಆ ಮಾತು ಹೇಳುವವರು ಯಾರೂ ಇಲ್ಲ.

ಕೆಲಸ ಹೀಗೆ ನಡೆಯಿತು. ಮುಖದ ಭಾಗ ಗಾಜಿಗೆ ಅಂಟಿರಲಿಲ್ಲ. ಗಾಜು ಹಿಡಿದಿದ್ದದ್ದು ಕೆಳಮೂಲೆಯೊಂದನ್ನೇ. ಆದರೂ ಬಿಡಿಸುವ ಗೋಜಿಗೆ ಹೋಗದೆ ಇಡೀ ಫೋಟೋವನ್ನು ಗಾಜಿನ ಸಮೇತ ಕ್ಯಾಮೆರಾದಲ್ಲೇ ತುಂಡು ತುಂಡಾಗಿ ತೆಗೆದು ಜೋಡಿಸಿದೆ. ಮೂಲದ ಒಂದು ಇಂಚಿಗೆ 1,200 ಪಿಕ್ಸೆಲ್ ಬರುವ ಹಾಗೆ. ಅಂದರೆ 5,100 ಅಗಲ, 7,800 ಎತ್ತರ. ಒಂದೊಂದು ಬಣ್ಣಕ್ಕೆ 16 ಬಿಟ್ಟಿನಂತೆ ಟಿಫ್ ಫೈಲು ಸುಮಾರು 240 ಎಂಬಿ. 12×18 ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ಲಿನ ಲೆಕ್ಕದಲ್ಲಿ 3,600 ಅಗಲ, 5,400 ಎತ್ತರ ಸಾಕು. ಅಷ್ಟು ದೊಡ್ಡ ಪ್ರಿಂಟಿಗೆ ಯಂತ್ರದ ಊಹೆಯ ಅಗತ್ಯವೇ ಇರಲಿಲ್ಲ ಎಂದು ಈ ಲೆಕ್ಕವೇ ಹೇಳುತ್ತದೆ. ಮೊಮ್ಮಗ ಆ್ಯಪಿಗೆ ಕೊಟ್ಟದ್ದು ಫೋನಿನಲ್ಲಿ ತೆಗೆದು ವಾಟ್ಸ್ಯಾಪಿನಲ್ಲಿ ಕಳಿಸಿಕೊಂಡ ಚಿತ್ರ. ಸವೆದ ಪ್ರತಿ ಕೊಟ್ಟರೆ ಯಂತ್ರ ಊಹಿಸದೆ ಇನ್ನೇನು ಮಾಡೀತು? ಮೂಲದಲ್ಲಿ ಮುಖ ಇತ್ತು, ಅವರು ನೋಡಿರಲಿಲ್ಲ ಅಷ್ಟೆ.

ಬಿರುಕನ್ನು ಮುಚ್ಚುವುದು ಸುಲಭ. ಬಿರುಕಿನ ಎರಡೂ ದಡದಲ್ಲಿ ಕೋಟಿನ ಬಟ್ಟೆ, ಕತ್ತಿನ ಚರ್ಮ ಉಳಿದಿದೆ; ನಡುವೆ ಹೋಗಿರುವುದು ಕೂದಲೆಳೆಯಷ್ಟು. ಪಕ್ಕದ ಭಾಗವನ್ನೇ ತಂದು ಹೊಲಿದ ಹಾಗೆ. ಫೋಟೋಶಾಪಿನಲ್ಲಿ ಕ್ಲೋನ್ ಸ್ಟ್ಯಾಂಪ್ ಮೊದಲಿಂದ ಇದೆ; 2002ರಲ್ಲಿ ಹೀಲಿಂಗ್ ಬ್ರಷ್ ಬಂದ ಮೇಲೆ ಇಂಥ ಕೆಲಸ ಗಂಟೆಗಳಿಂದ ನಿಮಿಷಗಳಿಗೆ ಇಳಿಯಿತು. ಕೆನ್ನೆಯ ಬೂಷ್ಟಿಗೆ ತಾಳ್ಮೆ ಬೇಕು, ಚುಕ್ಕೆಯಿಂದ ಚುಕ್ಕೆಗೆ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ಸವರಿದರೆ ಕೆನ್ನೆ ಮೇಣದ್ದಾಗುತ್ತದೆ. ಮೂರು ಸಂಜೆ ಅದಕ್ಕೆ ಹೋಯಿತು.

ಉಳಿದದ್ದು ಹಣೆಯ ಕಲೆ. ಅದನ್ನು ತೆಗೆಯುವ ಮೊದಲು ಏನೆಂದು ಕೇಳೋಣ ಎಂದು ಅಜ್ಜಿಗೆ ಫೋನ್ ಮಾಡಿದೆ. ಅವರು ನಕ್ಕುಬಿಟ್ಟರು. "ಅದು ನಾನs ಹಚ್ಚಿದ್ದು" ಎಂದರು.

ಶ್ರಾದ್ಧದ ವಿಧಿಯಲ್ಲಿ ಫೋಟೋಕ್ಕೆ ಜಾಗವಿಲ್ಲ. ಆದರೆ ಮನೆಯವರ ಸಮಾಧಾನಕ್ಕೆ ಒಂದು ಮೂಲೆಯಲ್ಲಿ ಮಣೆಯ ಮೇಲಿಟ್ಟು ಹೂವು ಏರಿಸುವುದುಂಟು. ಧಾರವಾಡದಲ್ಲಿ ವರ್ಷಕ್ಕೊಮ್ಮೆ ಟ್ರಂಕಿನಿಂದ ಫೋಟೋ ಹೊರಗೆ ಬರುತ್ತಿತ್ತು. ಗಂಡ ಹೋದ ಮೇಲೆ ಅವರ ತಾಯಿ ಕುಂಕುಮದ ಕರಡಿಗೆ ಮುಟ್ಟುತ್ತಿರಲಿಲ್ಲ. ಆ ಮನೆಗಳಲ್ಲಿ ಆಗಿನ ಕಟ್ಟು ಅಂಥದ್ದು. ಹಾಗಾಗಿ ಹೂವು ತಾಯಿಯದು, ಕುಂಕುಮ ಮಗಳದು. ಆರು ವರ್ಷದಿಂದ ಮದುವೆಯಾಗುವವರೆಗೆ, ಪ್ರತಿ ವರ್ಷ, ನೀರಿನಲ್ಲಿ ಅದ್ದಿದ ಬೆರಳಿನಿಂದ ಅದೇ ಜಾಗಕ್ಕೆ. ಗಾಜಿಲ್ಲದ ಫೋಟೋ, ಒದ್ದೆ ಕುಂಕುಮ ಜೆಲಟಿನ್ನಿಗೆ ಇಳಿದು ನಿಂತುಬಿಟ್ಟಿತ್ತು.

ಈಗ ಏನು ಮಾಡಬೇಕು? ನಾನು ತೆಗೆಯಬೇಕೆಂದಿದ್ದ ಕಲೆ ಒಂದು ಮಗುವಿನ ಬೆರಳಚ್ಚು. ಅದರ ಕೆಳಗೇನಿದೆ ಎಂದಾದರೂ ನೋಡೋಣ ಎಂದು ಬಣ್ಣದ ಪದರಗಳನ್ನು ಬಿಡಿಸಿದೆ. ಚಿಕ್ಕಂದಿನಲ್ಲಿ ಕೆಂಪು ಜಿಲೆಟಿನ್ ಕಾಗದವನ್ನು ಕಣ್ಣಿಗೆ ಹಿಡಿದು ನೋಡಿದರೆ ಮೇಷ್ಟರ ಕೆಂಪು ಮಸಿಯ ತಪ್ಪುಗಳೆಲ್ಲ ಮಾಯವಾಗುತ್ತಿದ್ದವು, ನೆನಪಿದೆಯೇ? ಅದೇ ನಿಯಮ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಮೂರು ಚಾನೆಲ್‌ಗಳಿರುತ್ತವೆ. ನೀಲಿಯಲ್ಲಿ ಕುಂಕುಮ ಇದ್ದಿಲಿನಷ್ಟು ಕಪ್ಪು. ಹಸಿರಿನಲ್ಲೂ ಕಪ್ಪೇ. ಕೆಂಪು ಚಾನೆಲ್ಲಿನಲ್ಲಿ ಮಾತ್ರ ಕುಂಕುಮ ಹೆಚ್ಚುಕಡಿಮೆ ಪಾರದರ್ಶಕ. ಕಾಗದದ ಹಳದಿಯೂ ಅಲ್ಲಿ ಕಾಣುವುದಿಲ್ಲ. ಫೋಟೋದ ಬೆಳ್ಳಿ ಮಾತ್ರ ಮೂರರಲ್ಲೂ ಒಂದೇ ಸಮ ಕಪ್ಪಾಗಿ ಉಳಿಯುತ್ತದೆ.

ಕೆಂಪು ಚಾನೆಲ್ಲಿನಲ್ಲಿ ಹಣೆ ಖಾಲಿ ಇರಲಿಲ್ಲ. ಹುಬ್ಬುಗಳ ನಡುವಿನಿಂದ ಮೇಲಕ್ಕೆ ನೇರವಾದ ಒಂದು ತೆಳು ಕಪ್ಪು ಗೆರೆ, ಅದರ ಮೇಲೊಂದು ಚುಕ್ಕೆ. ಮಾಧ್ವರು ಪೂಜೆಯಾದ ಮೇಲೆ ಹಚ್ಚಿಕೊಳ್ಳುವ ಅಂಗಾರ-ಅಕ್ಷತೆ. ಮಗಳ ಕುಂಕುಮ ಸರಿಯಾಗಿ ಅದರ ಮೇಲೆಯೇ ಕೂತು ಅದನ್ನು ಮುಚ್ಚಿತ್ತು. ಆ್ಯಪು ಕೊಟ್ಟ ನುಣುಪು ಹಣೆಯಲ್ಲಿ ಇದು ಯಾವುದೂ ಇರಲಿಲ್ಲ. 70,000 ಮುಖಗಳಲ್ಲಿ ಅಂಗಾರ ಹಚ್ಚಿದವು ಎಷ್ಟಿದ್ದಾವು?

ಲ್ಯಾಪ್‌ಟಾಪ್ ತೆಗೆದುಕೊಂಡು ಮಯೂರ್ ವಿಹಾರಕ್ಕೆ ಹೋದೆ. ಅಜ್ಜಿ ಪರದೆಯ ಹತ್ತಿರ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದು ತೋರಿಸಿ, "ಕನ್ನಡಿ ಮುಂದ ನಿಂತು ಕಡ್ಡಿಲೆ ಹಿಂಗ ಎಳಕೋತಿದ್ರು. ಹುಬ್ಬು ಮ್ಯಾಲೆ ಏರಿಸಿ. ನಾ ಬಾಜೂಕ ನಿಂತು ಹುಬ್ಬು ಹಂಗs ಏರಸ್ತಿದ್ದೆ" ಎಂದರು. ಈ ನೆನಪು ಫೋಟೋದ್ದಲ್ಲ. ಫೋಟೋದಲ್ಲಿ ಹುಬ್ಬು ಏರಿಲ್ಲ, ಕನ್ನಡಿ ಇಲ್ಲ, ಪಕ್ಕದಲ್ಲಿ ನಿಂತ ಮಗು ಇಲ್ಲ.

ಹಾಗಾದರೆ ಕಿವಿ? ಅದರ ಕೆಳಗೆ ಯಾವ ಚಾನೆಲ್ಲಿನಲ್ಲೂ ಏನೂ ಇರಲಿಲ್ಲ. ಬೆಳ್ಳಿಯೇ ಹೋದ ಮೇಲೆ ಹುಡುಕುವುದೇನನ್ನು? ಬಲಗಿವಿಯನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿ ಎಡಕ್ಕೆ ಅಂಟಿಸುವುದು ಈ ಕಸುಬಿನ ಮಾಮೂಲು ಉಪಾಯ. ಆದರೆ ಯಾರ ಎರಡು ಕಿವಿಯೂ ಒಂದೇ ಥರ ಇರುವುದಿಲ್ಲ, ಬೆಳಕು ಬೀಳುವ ಬದಿಯೂ ಬೇರೆ.

ಈ ಪ್ರಶ್ನೆ ಫೋಟೋಗಳಿಗಿಂತ ಹಳೆಯದು. ಸ್ಮಾರಕಗಳ ಸಂರಕ್ಷಣೆಗೆಂದು 1964ರಲ್ಲಿ ರೂಪಿಸಿದ ವೆನಿಸ್ ಸನ್ನದಿನ ಒಂದು ನಿಯಮದ ತಾತ್ಪರ್ಯ ಇಷ್ಟು: ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ದುರಸ್ತಿ ನಿಲ್ಲಬೇಕು. ನಮ್ಮ ದೆಹಲಿಯಲ್ಲೇ, 2013ರಲ್ಲಿ ಮುಗಿದ ಹುಮಾಯೂನ್ ಸಮಾಧಿಯ ದುರಸ್ತಿಯಲ್ಲಿ ಇದೇ ವಾದ ಎದ್ದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮೆತ್ತಿದ ಸಿಮೆಂಟನ್ನು ಕಿತ್ತು ತೆಗೆದದ್ದಕ್ಕಿಂತ, ಮೇಲಿನ ಪುಟ್ಟ ಛತ್ರಿಗಳಿಗೆ ಹೊಸದಾಗಿ ಮಾಡಿಸಿದ ಬಣ್ಣದ ಹೆಂಚುಬಿಲ್ಲೆ ಕೂರಿಸಿದ್ದರ ಬಗ್ಗೆ ಚರ್ಚೆ ಹೆಚ್ಚು. ಮೆರುಗು ಹೋಗಿದ್ದರೂ ಹಳೆಯ ಬಿಲ್ಲೆಗಳನ್ನು ಮಾತ್ರ ಅವರು ಕೀಳಲಿಲ್ಲ. ನನಗೆ ಹೆಚ್ಚು ಹಿಡಿಸಿದ ದಾರಿ ರೋಮಿನ ಸಂರಕ್ಷಕ ಚೇಸರೆ ಬ್ರಾಂದಿಯದು. ಹಳೆಯ ಭಿತ್ತಿಚಿತ್ರಗಳಲ್ಲಿ ಬಣ್ಣ ಉದುರಿದ ಜಾಗವನ್ನು ಅವರ ಸಂಸ್ಥೆಯಲ್ಲಿ ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುತ್ತಿದ್ದರು. ದೂರದಿಂದ ನೋಡಿದರೆ ಚಿತ್ರ ತುಂಬಿಕೊಂಡಿದೆ, ಕಣ್ಣು ಎಡವುವುದಿಲ್ಲ. ಹತ್ತಿರ ಬಂದರೆ ಇದು ಆಮೇಲೆ ತುಂಬಿದ್ದು ಎಂದು ಗೆರೆಗಳೇ ಹೇಳುತ್ತವೆ.

ಅಜ್ಜಿಯನ್ನು ಕೇಳಿದೆ. "ನನಗ ಕಿವಿ ನೆನಪಿಲ್ಲ. ಇಲ್ಲದ್ದು ಯಾಕ ಬರೀತೀ, ಬಿಡು" ಎಂದರು. ಬಿಳಿಯಾಗಿ ಬಾಯ್ತೆರೆದಿದ್ದ ಜಾಗಕ್ಕೆ ಕೂದಲಿಗೂ ಹಿನ್ನೆಲೆಗೂ ನಡುವಿನ ಒಂದು ಬೂದು ಛಾಯೆಯನ್ನು, ಉಳಿದ ಫೋಟೋದಷ್ಟೇ ಕಣಕಣವಾಗಿ ತುಂಬಿದೆ. ದೂರದಿಂದ ಅದು ನೆರಳು. ಹತ್ತಿರದಿಂದ ನೋಡಿದರೆ ಅಲ್ಲಿ ಕಿವಿಯಿಲ್ಲ.

ಪ್ರಿಂಟಿನ ಬಗ್ಗೆ ಎರಡು ಮಾತು, ನಿಮಗೂ ಉಪಯೋಗವಾದೀತೆಂದು. ಮಾನಿಟರ್ ಹಿಂದಿನಿಂದ ಬೆಳಗುವ ವಸ್ತು, ಕಾಗದ ಅಲ್ಲ. ಪರದೆಯಲ್ಲಿ ಸರಿ ಕಂಡದ್ದು ಕಾಗದದಲ್ಲಿ ಕಪ್ಪಾಗಿ ಬರುತ್ತದೆ. ಪೂರ್ತಿ ಅಳತೆಯಲ್ಲಿ ಮುಖದ ಭಾಗವೊಂದನ್ನೇ 4×6 ತುಂಡಿನಲ್ಲಿ ಮೊದಲು ಹಾಕಿಸಿ ನೋಡಿ, ಖರ್ಚು ಕಡಿಮೆ. ಬಣ್ಣದ ಶಾಯಿಗಳಿಂದ ಕಪ್ಪು-ಬಿಳುಪು ಮುದ್ರಿಸುವಾಗ ಒಮ್ಮೊಮ್ಮೆ ಹಸಿರೋ ನೇರಳೆಯೋ ಇಣುಕುತ್ತದೆ. ಆ ತುಂಡನ್ನು ಕಿಟಕಿಯ ಬೆಳಕಿನಲ್ಲೂ ಟ್ಯೂಬ್‌ಲೈಟಿನ ಕೆಳಗೂ ಹಿಡಿದು ನೋಡಬೇಕು. ಹಳೆಯ ಫೋಟೋದ ಕಪ್ಪು ಅಚ್ಚ ಕಪ್ಪಲ್ಲ, ಅದನ್ನು ಎಳೆದು ಕಪ್ಪು ಮಾಡಲು ಹೋಗಬೇಡಿ, ಕೋಟಿನ ಮಡಿಕೆಗಳು ಮುಳುಗಿಹೋಗುತ್ತವೆ. ಹೊಳಪಿಲ್ಲದ ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿ ಒಳ್ಳೆಯದು. ಕಟ್ಟು ಹಾಕಿಸುವಾಗ ಫೋಟೋದ ಸುತ್ತ ದಪ್ಪ ರಟ್ಟಿನ ಅಂಚು ಕೂರಿಸಿ, ಗಾಜು ಫೋಟೋಕ್ಕೆ ತಾಗದ ಹಾಗೆ ಮಾಡಿಸಿ. ಈ ಅಂಚು ಬರೀ ಅಂದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅದಿದ್ದರೆ ಆ ಎಡಗಿವಿ ಇವತ್ತೂ ಇರುತ್ತಿತ್ತು.

ಪ್ರಿಂಟು ಎರಡು ಹಾಕಿಸಿದೆ, ಒಂದು ಅಂಗಾರದ್ದು, ಒಂದು ಕುಂಕುಮದ್ದು. ಗೋಡೆಗೆ ಯಾವುದು ಎಂದು ಮನೆಯಲ್ಲಿ ಒಂದಿಷ್ಟು ಮಾತಾಯಿತು. ಅಜ್ಜಿ ಅಂಗಾರದ್ದನ್ನು ಆರಿಸಿದರು. ಕುಂಕುಮದ್ದು ಮೊಮ್ಮಗನಿಗೆ. ಮೂಲ ಫೋಟೋ ಮೂಲೆಗಂಟಿದ ಗಾಜಿನ ಸಮೇತ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಒಳಕೋಣೆಯ ಕಪಾಟಿನಲ್ಲಿದೆ. "ಇನ್ನ ಮ್ಯಾಲೆ ಗಾಜಿಗೆ ಹಚ್ತೀನಿ ಬಿಡು, ನಿನಗ ತ್ರಾಸಿಲ್ಲ" ಎಂದು ನನ್ನನ್ನು ಛೇಡಿಸಿದರು.

ಕಟ್ಟಿನವನಿಗೆ ಕೊಡುವ ಮೊದಲು ಪ್ರಿಂಟನ್ನು ಮಗುಚಿಟ್ಟು, ಹಿಂದೆ ಏನಾದರೂ ಬರೆಯಿರಿ ಎಂದು ಮೆದುವಾದ ಪೆನ್ಸಿಲ್ ಕೊಟ್ಟೆ. ಪೆನ್ನಿನ ಶಾಯಿ ಕಾಲ ಕಳೆದಂತೆ ಮುಂದಕ್ಕೆ ಇಣುಕಬಹುದು, ಪೆನ್ಸಿಲ್ ಹಾಗಲ್ಲ. ನಿಮ್ಮ ಮನೆಯ ಫೋಟೋಗಳ ಹಿಂದೆಯೂ ಗೊತ್ತಿರುವವರಿಂದ ಇದೊಂದು ಕೆಲಸ ಮಾಡಿಸಿಡಿ. ಅಜ್ಜಿ ನಿಧಾನವಾಗಿ ತಂದೆಯ ಹೆಸರು, ಊರು, 1952, ದೆಹಲಿ ಎಂದು ಬರೆದರು. ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಎಡಗಿವಿ ಹೋಗಿದೆ. ಯಾರೂ ಬರೆಯಬಾರದು."